ಬೆರಳಿಲ್ಲದ ಹೆಜ್ಜೆ

ಓಟ ಶುರುವಾಗಲು ಅರ್ಧ ಗಂಟೆ ಇರುವಾಗ ಕಜೆಟನ್‌ನ ಫಿಯೆಟ್ ಕಾರಿನ ಹಿಂದಿನ ಸೀಟಿನಡಿ ಒಂದು ಡಬ್ಬಿ ಪೆಟ್ರೋಲು ಸಿಕ್ಕಿತು.

ಪೆಟ್ರೋಲಿಗೆ ಜನ ಕ್ಯೂ ನಿಲ್ಲುತ್ತಿದ್ದ ಕಾಲ ಅದು. ಕಡಿಮೆ ಇಂಧನದಲ್ಲಿ ಕದ್ರಿಯಿಂದ ಬಂಟ್ವಾಳಕ್ಕೆ ಹೋಗಿ ಬರುವ ಕಾರಿಗೆ ಮೋಟಾರು ಕ್ಲಬ್ಬಿನ ಕಪ್. ಕಜೆಟನ್‌ನ ಕಾರಿಗೋ ಪೆಟ್ರೋಲೇ ಬೇಡ. ಹಿಂಬದಿಗೆ ಕೂರಿಸಿದ ಒಲೆಯಲ್ಲಿ ತೆಂಗಿನ ಗೆರಟೆ ಚಿಪ್ಪಿನ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲೇ ಓಡುತ್ತಿತ್ತು. ಅಂಥ ಕಾರಿನೊಳಗೆ ಪೆಟ್ರೋಲು ಅಡಗಿಸಿಟ್ಟರೆ ಎಂತ ಹೇಳುವುದು? ಮೋಸ ಅಂತಲೇ.

ಅವನು ಬಹ್ರೈನಿನಿಂದ ರಜೆಯಲ್ಲಿ ಬಂದವನು. ಗೆದ್ದರೆ ತಮ್ಮ ಲಾರಿಗಳಿಗೂ ಇವನ ಕೈಯಲ್ಲೇ ಇಂಥ ಒಲೆ ಕೂರಿಸುವುದಾಗಿ ಲಾರಿ ಮಾಲಿಕರೊಬ್ಬರು ಮಾತು ಕೊಟ್ಟಿದ್ದರು. ಸೋತರೆ ಪುನಃ ವಿಮಾನ ಹತ್ತಬೇಕು. ಬಸುರಿ ಹೆಂಡತಿ ರೊಸಾಲಿನ್ ಕಾರಿನ ಬಾಗಿಲು ಹಿಡಿದು ಅಳುತ್ತಿದ್ದಳು.

ನಮ್ಮವರು, ರಿಟೈರ್ಡ್ ಇನ್‌ಸ್ಪೆಕ್ಟರ್ ತಾರಾನಾಥ ಶೆಟ್ಟರು, ಓಟದ ತೀರ್ಪುಗಾರರು. ಮನೆಯಲ್ಲಿ ಅವರ ಕನ್ನಡಕ ನಾನೇ ಹುಡುಕಿ ಕೊಡಬೇಕು; ಹೊರಗೆ ಮಾತ್ರ ಅವರ ಕಣ್ಣಿಗೆ ಒಂದೂ ತಪ್ಪುವುದಿಲ್ಲ.

"ಡಬ್ಬಿ ಯಾರಿಗೆ ಸಿಕ್ಕಿದ್ದು?" ಎಂದರು.

ತಪಾಸಣೆ ಮಾಡುವ ಬೆನೆಡಿಕ್ಟ್‌ಗೆ. ಬಾಗಿಲಿಂದಲೇ ಕೈ ಹಾಕಿ ತೆಗೆದನಂತೆ. ಸೀಟಿನಡಿ ನೋಡು ಎಂದು ಹೇಳಿದ್ದು ಕ್ಲಬ್ಬಿನ ಕಾರ್ಯದರ್ಶಿ ಗುಣಪಾಲ — ಕಳೆದ ವರ್ಷ ಕಪ್ ಗೆದ್ದವನು, ಈ ಸಲವೂ ಓಟದಲ್ಲಿ ಇದ್ದವನು.

ಕಾರಿನೊಳಗೆ ಇದ್ದಿಲ ಹುಡಿಯ ಮೇಲೆ ಒಂದು ಹೆಜ್ಜೆ ಮೂಡಿತ್ತು. ಚಪ್ಪಲಿಯದ್ದಲ್ಲ, ಬೂಟಿನದ್ದೂ ಅಲ್ಲ. ಬರಿಗಾಲು! ಎಲ್ಲರ ಕಣ್ಣು ನೋಣಯ್ಯನ ಮೇಲೆ ಬಿತ್ತು. ಕಜೆಟನ್‌ನ ಕೆಲಸದವನು, ಜನ್ಮದಲ್ಲಿ ಚಪ್ಪಲಿ ಮೆಟ್ಟಿದವನಲ್ಲ. ಇದ್ದಿಲು ತುಂಬಿಸುವುದು ಹೊರಗಿನಿಂದ, ನಾನು ಒಳಗೆ ಹೋಗಲೇ ಇಲ್ಲ ಎಂದು ಆಣೆ ಹಾಕಿದ. ಯಜಮಾನ ಹೇಳಿದ್ದನ್ನು ಮಾಡಿದ್ದಾನೆ, ಪಾಪ, ಎಂದ ಗುಣಪಾಲ.

ನಮ್ಮವರು ಹೆಜ್ಜೆಯನ್ನು ನೋಡಿದರು. ಆಮೇಲೆ ಸ್ಟೀರಿಂಗಿನ ಎದುರು ಮಲ್ಲಿಗೆ ಮುಡಿಸಿಟ್ಟಿದ್ದ ವೆಲಂಕಣಿ ಮಾತೆಯ ಪಟ ನೋಡಿದರು. ತೀರ್ಪು ಕೊಡುವ ಮೊದಲು ಎಲ್ಲರೂ ನಮ್ಮಲ್ಲಿ ಚಾ ಕುಡಿಯುವ ಎಂದರು. ಮನೆ ರಸ್ತೆಯಾಚೆಯೇ ಉಂಟಲ್ಲ! ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಜನಕ್ಕೆ ಚಾ ಮಾಡುವವರು ಯಾರು?

ಮೆಟ್ಟಿಲಲ್ಲಿ ಎಲ್ಲರೂ ಮೆಟ್ಟು ಬಿಟ್ಟು ಒಳಗೆ ಬಂದರು, ಬೆನೆಡಿಕ್ಟ್ ಕೂಡ. ಗುಣಪಾಲ ಅಂಗಳದಲ್ಲೇ ನಿಂತ.

"ಇಲ್ಲೇ ಸಾಕು ಅಕ್ಕ. ಬೂಟು ಬಿಚ್ಚುವುದು ರಗಳೆ."

ನನಗೆ ಆಶ್ಚರ್ಯ. ವಾರಕ್ಕೊಮ್ಮೆ ಬಂದು, ಬೂಟು ಬಿಟ್ಟು, ಸೀದಾ ಅಡುಗೆಮನೆವರೆಗೆ ಬರುವವನು ಇವನು.

ನಮ್ಮವರು ಲೋಟ ಕೆಳಗಿಟ್ಟರು. "ಬೂಟು ಬಿಚ್ಚು ಗುಣಪಾಲ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಆ ಹೆಜ್ಜೆಗೆ ಬೆರಳೇ ಇಲ್ಲ ಮಾರಾಯ. ಬರಿಗಾಲಾದರೆ ಐದು ಬೆರಳು ಕಾಣಬೇಕಲ್ಲ? ಅದು ಕಾಲುಚೀಲದ ಗುರುತು. ಬೂಟಿನವನೊಬ್ಬ ಬಾಗಿಲಲ್ಲಿ ಬೂಟು ಬಿಚ್ಚಿ ಹತ್ತಿದ್ದಾನೆ. ಕದ್ದು ಹತ್ತುವವನಿಗೆ ಅಷ್ಟು ಪುರುಸೊತ್ತು ಯಾಕೆ? ಎದುರಿಗೆ ಮಾತೆಯ ಪಟ ಉಂಟು! ಬೆನೆಡಿಕ್ಟ್ ಇಗರ್ಜಿಯ ಪೂಜೆಗೂ ಬೂಟು ಹಾಕಿಯೇ ಹೋಗುವವ, ಅವನಿಗೆ ಅದು ಹೊಳೆಯುವುದೂ ಇಲ್ಲ. ಕಜೆಟನ್ ಚಪ್ಪಲಿಯವ, ಅವನಲ್ಲಿ ಕಾಲುಚೀಲವೇ ಇಲ್ಲ. ದೇವರನ್ನು ಕಂಡರೆ ಕಾಲು ತನ್ನಷ್ಟಕ್ಕೇ ಬೂಟು ಬಿಡುವುದು ನಿನ್ನದು, ನನ್ನದು. ನನ್ನ ಬೂಟು ಅಗೋ ಮೆಟ್ಟಿಲಲ್ಲಿ ಉಂಟು. ನಿನ್ನದು?"

ಗುಣಪಾಲ ಮೆಟ್ಟಿಲಲ್ಲಿ ಕುಸಿದು ಬೂಟು ಬಿಚ್ಚಿದ. ಬಿಳಿ ಕಾಲುಚೀಲದ ಅಡಿ ಇದ್ದಿಲು ಮೆತ್ತಿ ಕಪ್ಪಾಗಿತ್ತು. ಗೆರಟೆಯ ಕಾರಿಗೆ ಸೋತರೆ ಊರಲ್ಲಿ ಮುಖ ತೋರಿಸುವುದು ಹೇಗೆ, ಎಂದು ಗೊಣಗಿದ.

ರೊಸಾಲಿನ್ ಕಣ್ಣೊರೆಸಿಕೊಂಡು ಅವನ ಎದುರು ಬಂದಳು. "ಮಾತೆಯ ಎದುರು ಬೂಟು ಬಿಚ್ಚಿದಿರಿ. ಡಬ್ಬಿ ಇಡುವಾಗ ಅವಳು ನೋಡ್ತಾ ಇರಲಿಲ್ವಾ?"



ಬಾವುಟ ಬೀಸಿ ಉಳಿದ ಕಾರುಗಳನ್ನು ಬಿಟ್ಟು, ಕೊನೆಗೆ ತಾನು ಹೊರಡುವುದು ಕಾರ್ಯದರ್ಶಿಯ ರೂಢಿ. ಆ ದಿನ ನಮ್ಮವರು ಬಾವುಟವನ್ನು ನೋಣಯ್ಯನ ಕೈಗೆ ಕೊಟ್ಟರು. ಅವನು ಅದನ್ನು ತಲೆಯ ಮೇಲೆತ್ತಿ ಬೀಸಿದ. ಫಿಯೆಟ್ ಹೊಗೆ ಬಿಡುತ್ತಾ ಪಡೀಲ್ ಕಡೆಗೆ ಹೋಯಿತು, ಕಪ್ ಗೆದ್ದು ಬಂತು. ಕಜೆಟನ್ ಪುನಃ ಬಹ್ರೈನಿಗೆ ಹೋಗಲಿಲ್ಲ.