ಏಳನೆಯ ಸುಳ್ಳು ಹೆಸರು

"ಈ ಹೆಸರು ನಿಮಗೆ ಎಲ್ಲಿಂದ ಸಿಕ್ತು?"

ಪ್ರಕಾಶಕರ ಕಚೇರಿಯ ಕರಡು ತಿದ್ದುವ ಕೋಣೆಯಲ್ಲಿ ಅವಳು ಹಾಳೆಗಳ ಕಟ್ಟನ್ನು ಕಾದಂಬರಿಕಾರನ ಮುಂದೆ ಕುಕ್ಕಿದಳು. ಇಪ್ಪತ್ತಮೂರು ವರ್ಷಗಳ ನಂತರ ಗಂಡನೊಡನೆ ಅವಳು ಆಡಿದ ಮೊದಲ ಮಾತು ಅದು!

'ಒಂದು ಹೆಸರಿನ ಬಗ್ಗೆ ಅನುಮಾನವಿದೆ, ಲೇಖಕರನ್ನು ಕರೆಸಿ' ಎಂದಷ್ಟೇ ಅವಳು ಪ್ರಕಾಶಕರಿಗೆ ಹೇಳಿದ್ದಳು. ಕರಡು ತಿದ್ದುವವಳು ಯಾರೆಂದು ತಿಳಿಯದೆ ಬಂದವನು ಅವಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದ.

ಸಂಜೆ ಅಚ್ಚಿಗೆ ಹೋಗಬೇಕಿದ್ದ ಆ ಕಾದಂಬರಿಯ ಗೂಢಚಾರನಿಗೆ ಏಳು ಸುಳ್ಳು ಹೆಸರುಗಳು. ಆರನ್ನು ಅವಳು ಓದುತ್ತಲೇ ಗುರುತು ಹಿಡಿದಿದ್ದಳು. ಮದುವೆಯಾದ ಹೊಸತರಲ್ಲಿ ಇಬ್ಬರೂ ಬೀದಿ ಸುತ್ತುತ್ತಾ ಅಂಗಡಿ ಬೋರ್ಡುಗಳಿಂದ ಹೆಕ್ಕಿದ ಹೆಸರುಗಳವು. ದರ್ಜಿಯ ಹೆಸರಿಗೆ ಔಷಧಿ ಅಂಗಡಿಯವನ ಮನೆತನದ ಹೆಸರು ಅಂಟಿಸಿದರೆ ಒಬ್ಬ ಗೂಢಚಾರ ರೆಡಿ. ಸಂತೆಯಲ್ಲಿ ಕೂಗಿದರೂ ಯಾರೂ ತಿರುಗಿ ನೋಡದಂಥ ಹೆಸರಾಗಬೇಕು ಎಂದು ಅವನು ಹೇಳುತ್ತಿದ್ದ, ಅವಳು ನಗುತ್ತಿದ್ದಳು.

ಏಳನೆಯದು ಮಾತ್ರ ಯಾವ ಬೋರ್ಡಿನದೂ ಅಲ್ಲ. ಅದು ಹನ್ನೊಂದು ದಿನವಷ್ಟೇ ಬದುಕಿದ್ದ ಅವರ ಮಗನ ಹೆಸರು.

"ಮಗು ಹೋದ್ಮೇಲೆ ಒಂದು ದಿನ ಆದ್ರೂ ಅವನ ಹೆಸರು ನಿಮ್ಮ ಬಾಯಲ್ಲಿ ಬಂತಾ? ನಾನು ಎತ್ತಿದ್ರೆ ಎದ್ದು ಹೋಗ್ತಿದ್ರಿ. ಮರೆತೇಬಿಟ್ರಿ ಅಂತ ತಾನೇ ನಾನು ಅಕ್ಕನ ಮನೆ ಸೇರಿದ್ದು? ಈಗ ಕಥೆಗೆ ಬೇಕಾದ್ನಾ ನನ್ನ ಮಗ?" ಅವಳು ಪೆನ್ನಿನ ಮುಚ್ಚಳ ತೆಗೆದಳು. "ಹೊಡೆದುಹಾಕ್ತೀನಿ. ಬೇರೆ ಹೆಸರು ಹೇಳಿ."

ಅವನು ಕೆಂಪು ಪೆನ್ನು ಹಿಡಿದ ಅವಳ ಕೈಯನ್ನೇ ನೋಡಿದ.

"ಸುಳ್ಳು ಹೆಸರು ಬೇಕಾದಾಗ ಗೂಢಚಾರರು ಕೂಸಾಗಿದ್ದಾಗಲೇ ತೀರಿಕೊಂಡವರ ಹೆಸರು ಹುಡುಕ್ತಾರೆ. ಹುಟ್ಟಿದ ದಾಖಲೆ ಇರುತ್ತೆ, ಆ ಹೆಸರಲ್ಲಿ ಬದುಕಿದವರು ಯಾರೂ ಇರಲ್ಲ. ಅದನ್ನ ಬರೀವಾಗ..."

"ಬರೀವಾಗ?"

"ಬಾಯಲ್ಲಿ ಬರ್ತಿರಲಿಲ್ಲ ಕಣೇ, ಕೈಯಲ್ಲಿ ಬಂತು. ಇದ್ದಿದ್ರೆ ಈಗ ಇಪ್ಪತ್ನಾಲ್ಕು. ಗೂಢಚಾರನಿಗೂ ಅದೇ ವಯಸ್ಸು ಕೊಟ್ಟೆ. ಆ ಹೆಸರಲ್ಲೇ ಬಾಡಿಗೆ ಮನೆ ಹಿಡಿದ. ಹಲ್ಲುನೋವು ಅಂತ ಆಸ್ಪತ್ರೆಗೆ ಹೋಗಿ ಕಾದು ಕೂತ. ನರ್ಸ್ ಹೆಸರು ಹಿಡಿದು ಕೂಗಿದ್ಲು, ಎದ್ದು ಹೋದ. ಕಥೆಗೆ ಅದು ಬೇಕೇ ಇರಲಿಲ್ಲ. ಯಾರಾದ್ರೂ ಅವನನ್ನ ಒಂದ್ಸಲ ಕರೀಲಿ ಅಂತ ಬರೆದೆ."

ಅಯ್ಯೋ... ಇವರನ್ನು ಕಲ್ಲು ಅಂದುಕೊಂಡೆನಲ್ಲ! ಇಷ್ಟು ವರ್ಷ ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಕೂತು ಒಂದೇ ಮಗುವಿಗೆ ಅತ್ತೆವಲ್ಲ...

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಹತ್ತಿರ ಬರಲು ಹೆದರಿ ನಿಂತೇ ಇದ್ದ. ತುಂಬ ಹೊತ್ತಿನ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೆಸರು ಇರ್ಲಿ. ಆದ್ರೆ ಕೊನೇ ಪುಟದಲ್ಲಿ ಅವನನ್ನ ಸಾಯಿಸಿದ್ದೀರಿ. ಅದು ಬೇಡ. ಒಂದ್ಸಲ ಹೋಗಿದ್ದು ಸಾಕು."

"ಗಡಿಯಲ್ಲಿ ಸಿಕ್ಕಿಬಿದ್ದಿದ್ದಾನಲ್ಲೇ. ತಪ್ಪಿಸ್ಕೊಂಡ್ರೂ ಎಲ್ಲಿಗೆ ಹೋಗ್ತಾನೆ?"

ಅವಳು ಇನ್ನೊಂದು ಕುರ್ಚಿಯನ್ನು ತನ್ನ ಪಕ್ಕಕ್ಕೆ ಎಳೆದಳು.

"ಮನೆಗೆ," ಎಂದಳು. "ನಾವಿಬ್ರೂ ಅಲ್ಲೇ ಇರ್ತೀವಲ್ಲ."