ಎಲ್ಲರಿಗೂ ಹೇಳುವ ಲವ್

"ಅಳ್ಬೇಡ ಅಜ್ಜೀ... ಈ ಕಿಟಕಿ ಹತ್ರ ಕೂತು ನೀನು ಮತ್ತೆ ಟೀ ಕುಡೀತೀಯ. ನಾನು ಕುಡಿಸ್ತೀನಿ!"

ಮನೆಯ ಸಾಮಾನು ತುಂಬಿದ ವ್ಯಾನಿನ ಪಕ್ಕ ನಿಂತು ಟಿಲ್ಲಿ ಆಕ್‌ರಾಯ್ಡ್ ಈ ಮಾತು ಕೊಟ್ಟಾಗ ಅವಳಿಗೆ ಒಂಬತ್ತು ವರ್ಷ. ಟಾಡ್‌ಮಾರ್ಡನ್ ಊರಿನ ಗುಡ್ಡದ ಮೇಲಿನ ಲಾರ್ಕ್ ಬೀದಿ, ಹದಿನಾಲ್ಕನೇ ನಂಬರು. ಅಜ್ಜಿ ಮೂವತ್ತು ವರ್ಷ ಬಾಡಿಗೆಗಿದ್ದ ಮನೆ. ಮಾಲೀಕ ಅದನ್ನು ಮಾರಿಬಿಟ್ಟಿದ್ದ.

ಅಜ್ಜಿ ಮೂಗು ಒರೆಸಿಕೊಂಡು ನಕ್ಕಿದ್ದಳು. "ಆಯ್ತು ಕಣೇ. ಸಕ್ಕರೆ ಎರಡು ಚಮಚ, ಮರೀಬೇಡ."

ಇಪ್ಪತ್ತು ವರ್ಷ ಕಳೆಯಿತು. ಟಿಲ್ಲಿ ಈಗ ಅದೇ ಗುಡ್ಡ ಹತ್ತುವ ಬಸ್ಸಿನ ಡ್ರೈವರ್. ಹದಿನಾಲ್ಕನೇ ನಂಬರಿನ ಮುಂದೆ ಹಾಯುವಾಗಲೆಲ್ಲ ಒಮ್ಮೆ ಕೈ ಎತ್ತುತ್ತಿದ್ದಳು. ಮನುಷ್ಯರಿಗಲ್ಲ, ಮನೆಗೆ!

ಈ ವಸಂತದಲ್ಲಿ ಆ ಮನೆಯ ಮುಂದೆ 'ಮಾರಾಟಕ್ಕಿದೆ' ಬೋರ್ಡು ನೆಟ್ಟಿದ್ದರು. ಅದನ್ನು ಕಂಡ ದಿನ ಟಿಲ್ಲಿ ಎರಡು ಸ್ಟಾಪ್ ಮರೆತು ಮುಂದೆ ಹೋಗಿಬಿಟ್ಟಿದ್ದಳು.

ಅದೇ ವಾರ ಅವನೂ ಬಂದ.

ಬಸ್ಸು ಹೊರಟೇಬಿಟ್ಟಿತ್ತು. ಕನ್ನಡಿಯಲ್ಲಿ ನೋಡಿದರೆ ಟೈ ಹೆಗಲ ಮೇಲೆ ಹಾರಿಸಿಕೊಂಡು, ಕಂಕುಳಲ್ಲಿ ಫೈಲು ಅವುಚಿಕೊಂಡು ಒಬ್ಬ ಓಡಿ ಬರುತ್ತಿದ್ದಾನೆ! ಟಿಲ್ಲಿ ಬ್ರೇಕ್ ಹಾಕಿದಳು.

"ಬೇಗ ಹತ್ತಿ, ಲವ್!"

ಅವನು ಒಂದು ಕಾಲು ಮೆಟ್ಟಿಲ ಮೇಲಿಟ್ಟವನು ಹಾಗೇ ನಿಂತ. ಕಿವಿ ತುದಿಯವರೆಗೂ ಕೆಂಪಾದ.

"ನನಗಾ... ಹೇಳಿದ್ದು?"

ಮುಂದಿನ ಸೀಟಿನ ವಿನಿ ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ದಕ್ಷಿಣದ ಕಡೆಯವನಾ ನೀನು? ಇಲ್ಲಿ ಉತ್ತರದಲ್ಲಿ ಎಲ್ಲರೂ ಎಲ್ಲರಿಗೂ ಲವ್ ಅಂತಾರಪ್ಪ! ಮೀನು ಮಾರೋನೂ ನನಗೆ ಲವ್ ಅಂತಾನೆ, ಹಾಗಂತ ಅವನನ್ನ ಮದುವೆ ಆಗಕ್ಕಾಗುತ್ತಾ?"

ಇಡೀ ಬಸ್ಸು ನಕ್ಕಿತು. ಅವನೂ ನಕ್ಕ. ಆ ನಗು ನೋಡಿ ಟಿಲ್ಲಿಗೆ ಗೇರು ಎಲ್ಲಿದೆಯೆಂದೇ ತಿಳಿಯದೆ ಹೋಯಿತು!

ಹೆಸರು ರೋವನ್ ಗ್ರೀನ್‌ವುಡ್. ದಕ್ಷಿಣದ ಕೆಂಟ್‌ನಿಂದ ಬಂದು ವಾರವಷ್ಟೇ ಆಗಿತ್ತು. "ಒಂದು ಆಫೀಸಲ್ಲಿ ಕಾಗದ ಪತ್ರ ನೋಡ್ಕೊಳ್ಳೋ ಕೆಲಸ," ಎಂದಿದ್ದ. ದಿನವೂ ಅದೇ ಬಸ್ಸು, ವಿನಿ ಆಂಟಿಯ ಪಕ್ಕದ ಅದೇ ಸೀಟು. ಟಿಲ್ಲಿ ತಾನೇ ಮಾಡಿದ ಶುಂಠಿ ಕೇಕು ತಂದುಕೊಟ್ಟಳು. ಅವನು ಚೂರೂ ಬಿಡದೆ ತಿಂದು, ಕೇಕು ಸುತ್ತಿದ್ದ ಪೇಪರನ್ನು ಮಡಚಿ ಜೇಬಿಗಿಟ್ಟುಕೊಂಡ.

'ಪೇಪರ್ ಯಾಕೆ ಇಟ್ಕೊಂಡ? ಅಯ್ಯೋ... ಯಾಕೆ ಇಟ್ಕೊಂಡ?' ಅವಳ ತಲೆಯಲ್ಲಿ ದಿನವಿಡೀ ಅದೇ.

ಮೂರನೇ ವಾರ ಅವನು ಇಳಿಯುವ ಮುಂಚೆ ತಡವರಿಸಿದ. "ಭಾನುವಾರ ಕಾಲುವೆ ಪಕ್ಕ ನಡೆದು ಬರೋಣ್ವಾ?"

"ಬರ್ತೀನಿ! ಇವತ್ತಂತೂ ಯಾರು ಏನ್ ಕೇಳಿದ್ರೂ ಹೂಂ ಅಂತೀನಿ. ಮನೆ ತಗೋತಿದೀನಿ ಗೊತ್ತಾ? ಲಾರ್ಕ್ ಬೀದಿ ಹದಿನಾಲ್ಕು! ಈಗಿನ ಮಾಲೀಕ ಬ್ಯಾರಾಕ್ಲಫ್ ತಾತ ನನಗೇ ಮಾರೋಕೆ ಒಪ್ಪಿದಾರೆ. ಡೋರೀನ್ ನನ್ನ ಸಾಲಿಸಿಟರ್, ಮನೆ ಕಾಗದ ಪತ್ರ ಮಾಡಿಸೋ ವಕೀಲೆ..."

ಅವನ ಮುಖ ಬಿಳಿಚಿಕೊಂಡಿತು.

"ಟಿಲ್ಲಿ... ದಯವಿಟ್ಟು ಇನ್ನೇನೂ ಹೇಳ್ಬೇಡಿ."

ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟ. ಮಾರನೇ ದಿನ ಬರಲಿಲ್ಲ. ಭಾನುವಾರ ಕಾಲುವೆಯ ಪಕ್ಕ ಅವಳು ಒಬ್ಬಳೇ ಬಾತುಕೋಳಿ ಎಣಿಸಿದಳು. ಸೋಮವಾರ ನೋಡಿದರೆ... ಅವನು ಗುಡ್ಡವನ್ನು ನಡೆದೇ ಹತ್ತುತ್ತಿದ್ದಾನೆ! ಅವಳ ಬಸ್ಸು ಪಕ್ಕದಲ್ಲೇ ಹಾಯ್ದರೂ ತಲೆ ಎತ್ತಲಿಲ್ಲ.

ಗುರುವಾರ ಡೋರೀನ್‌ಳ ಮೇಜಿನ ಮೇಲೆ ಒಂದು ಕಾಗದ ಕಂಡಿತು. ಮಾರುವವರ ಪರ ಸಾಲಿಸಿಟರ್: ರೋವನ್ ಗ್ರೀನ್‌ವುಡ್.

ಟಿಲ್ಲಿ ಆ ಹೆಸರನ್ನು ಎರಡು ಸಲ ಓದಿದಳು. 'ಓಹೋ... ಹಾಗಾದ್ರೆ ನನ್ನ ಬಾಯಿಂದ ವಿಷಯ ಹೊರಡಿಸೋಕೇ ಆ ಸೀಟಲ್ಲಿ ಕೂರ್ತಿದ್ನಾ?'

ಅಷ್ಟರಲ್ಲಿ ಡೋರೀನ್ ಕನ್ನಡಕ ತೆಗೆದಳು. "ಕೂತ್ಕೋ, ಲವ್. ಇನ್ನೊಬ್ಬರು ನಿನಗಿಂತ ಜಾಸ್ತಿ ಕೊಡ್ತೀವಿ ಅಂತ ಬಂದಿದಾರಂತೆ."

"ತಾತ ನನಗೆ ಒಪ್ಪಿಕೊಂಡಾಗಿದೆಯಲ್ಲ!"

"ಒಪ್ಪಿದ್ರೇನು? ಎರಡೂ ಕಡೆ ಸಹಿ ಮಾಡಿರೋ ಕಾಗದ ವಿನಿಮಯ ಆಗೋ ತನಕ ನೀನೂ ಹಿಂದೆ ಸರೀಬಹುದು, ಅವರೂ ಸರೀಬಹುದು. ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ."

ಟಿಲ್ಲಿ ಮುಂದಿನ ಮಾತು ಕೇಳಲೇ ಇಲ್ಲ. ಯೂನಿಫಾರ್ಮಿನಲ್ಲೇ ರೋವನ್‌ನ ಆಫೀಸಿಗೆ ನುಗ್ಗಿದಳು.

"ಇದು ನಿಮ್ಮ ಕೆಲಸಾನಾ? ಹೇಳಿ!"

ರೋವನ್ ಎದ್ದು ನಿಂತ. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದ.

"ಮಿಸ್ ಆಕ್‌ರಾಯ್ಡ್, ಏನಿದ್ರೂ ನಿಮ್ಮ ಸಾಲಿಸಿಟರ್ ಮೂಲಕ ತಿಳಿಸಿ."

ಮಿಸ್ ಆಕ್‌ರಾಯ್ಡ್...!

"ಕೇಕು ತಿನ್ನೋವಾಗ ಟಿಲ್ಲಿ ಆಗಿದ್ದೆ," ಎಂದಳು ಅವಳು. ಮರುಮಾತಿಗೆ ಕಾಯದೆ ಹೊರಗೆ ಬಂದಳು. ಅವನು ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದನ್ನು ಅವಳು ನೋಡಲಿಲ್ಲ.

ಶುಕ್ರವಾರ ಹನ್ನೊಂದೂವರೆಗೆ ಡೋರೀನ್ ಅವಳನ್ನು ಕರೆಸಿದಳು. "ತಾತ ನಿನಗೇ ಅಂತ ಹೇಳಿಬಿಟ್ಟಿದಾರೆ! ಈಗಲೇ ಫೋನಲ್ಲೇ ವಿನಿಮಯ ಮುಗಿಸೋಣ, ಆಮೇಲೆ ಯಾರೂ ಹಿಂದೆ ಸರಿಯೋಕಾಗಲ್ಲ. ಉಸಿರು ಬಿಡ್ಬೇಡ."

ಫೋನಿನ ಸ್ಪೀಕರಿನಲ್ಲಿ ರೋವನ್‌ನ ಧ್ವನಿ. "ಸಮಯ ಹನ್ನೊಂದು ನಲವತ್ತೆರಡು. ಒಪ್ಪಿಗೆಯೇ?"

"ಒಪ್ಪಿಗೆ," ಎಂದಳು ಡೋರೀನ್.

"ವಿನಿಮಯ ಆಯಿತು." ಕಾಗದ ಮಡಚುವ ಸದ್ದು. "ನಿಮ್ಮ ಕಕ್ಷಿದಾರರಿಗೆ... ತುಂಬಾ ಸಂತೋಷ ಆಯ್ತು ಅಂತ ತಿಳಿಸಿ."

ಆ ಧ್ವನಿ ಯಾಕೆ ನಡುಗಿತು? ಟಿಲ್ಲಿ ಅತ್ತುಬಿಟ್ಟಳು. ಮನೆಗಾಗಿಯೋ, ಅವನಿಗಾಗಿಯೋ, ಅವಳಿಗೇ ಗೊತ್ತಾಗಲಿಲ್ಲ.

ಬೀಗದ ಕೈ ಸಿಗುವುದು ಎರಡು ವಾರ ಬಿಟ್ಟು, ಇನ್ನೊಂದು ಶುಕ್ರವಾರ. ಅಂದು ಅರ್ಧ ದಿನಕ್ಕಷ್ಟೇ ರಜೆ ಸಿಕ್ಕಿತ್ತು. ಕೊನೆಯ ಟ್ರಿಪ್ಪು. ಫೋನು ಬ್ಯಾಗಿನಲ್ಲಿ ಆಫ್ ಆಗಿ ಬಿದ್ದಿತ್ತು. ಮನೆಯ ಹಣ ಮಾರುವವರಿಗೆ ತಲುಪಿತೋ ಇಲ್ಲವೋ... ತಿಳಿಯುವ ದಾರಿಯೇ ಇರಲಿಲ್ಲ.

ಆಗ ಕನ್ನಡಿಯಲ್ಲಿ ಟೈ ಹಾರಿತು!

"ನಿಲ್ಸೇ, ನಿಲ್ಸೇ!" ವಿನಿ ಆಂಟಿ ಸೀಟಿನಿಂದ ಎದ್ದೇಬಿಟ್ಟಳು. "ನಿನ್ನ ನಾಪತ್ತೆ ಗಿರಾಕಿ!"

ಬಾಗಿಲು ತೆರೆಯಿತು. ರೋವನ್ ಮೆಟ್ಟಿಲ ಕೆಳಗೇ ನಿಂತು ಏದುಸಿರು ಬಿಟ್ಟ.

"ಹನ್ನೆರಡು ಹತ್ತಕ್ಕೆ ಹಣ ಬಂತು... ಡೋರೀನ್ ನಿಮಗೆ ಫೋನ್ ಮೇಲೆ ಫೋನ್ ಮಾಡ್ತಿದಾರೆ... ಮನೆ ನಿಮ್ಮದು! ಹನ್ನೆರಡು ಹನ್ನೊಂದಕ್ಕೆ ಫೈಲ್ ಮುಚ್ಚಿದೆ. ಹನ್ನೆರಡು ಹನ್ನೆರಡಕ್ಕೆ ಓಡೋಕೆ ಶುರು ಮಾಡಿದೆ!"

"ಮೂರು ವಾರ ಮಾತಾಡದೇ ಇದ್ದೋರು ಈಗ ಯಾಕೆ ಓಡಿ ಬಂದ್ರಿ?"

"ಮಾತಾಡೋ ಹಾಗಿರ್ಲಿಲ್ಲ ಟಿಲ್ಲಿ! ಮಾರೋರ ಸಾಲಿಸಿಟರ್ ಕೊಳ್ಳೋರ ಜೊತೆ ಕಾಲುವೆ ಪಕ್ಕ ಸುತ್ತಿದ್ರೆ ಅವನನ್ನ ಯಾರು ನಂಬ್ತಾರೆ? ಆವತ್ತೇ ತಾತನಿಗೆ ಎಲ್ಲ ಹೇಳ್ದೆ. ಬೇಕಿದ್ರೆ ಫೈಲನ್ನ ಬೇರೆಯವರಿಗೆ ಕೊಡ್ತೀನಿ, ಆದ್ರೆ ತಿಂಗಳುಗಟ್ಟಲೆ ತಡ ಆಗುತ್ತೆ ಅಂದೆ. 'ಕೆಲಸ ಮುಗಿಸಪ್ಪಾ, ಅಲ್ಲೀವರೆಗೂ ಬಾಯಿ ಮುಚ್ಕೊಂಡಿರು, ಆಮೇಲೆ ಏನಾದ್ರೂ ಮಾಡ್ಕೋ' ಅಂದ್ರು."

"ಇನ್ನೊಬ್ಬರು ಜಾಸ್ತಿ ಕೊಡ್ತೀವಿ ಅಂದಾಗ?"

"ಏನ್ ಮಾಡ್ಲಿ ಅಂತ ನನ್ನ ಕೇಳಿದ್ರು. ಇದಕ್ಕೆ ಮಾತ್ರ ನಾನು ಬಾಯಿ ಹಾಕಲ್ಲ ಅಂದೆ. ಅವರೇ ಯೋಚನೆ ಮಾಡಿ ಹೇಳಿದ್ರು, 'ಆ ಹುಡುಗಿ ಏಳು ವರ್ಷದಿಂದ ಬಸ್ಸಿಂದ ನನಗೆ ದಿನಾ ಕೈ ಬೀಸ್ತಾಳೆ. ಇಡೀ ದಿನದಲ್ಲಿ ನನ್ನ ಮಾತಾಡಿಸೋಳು ಅವಳೊಬ್ಬಳೇ. ಅವಳಿಗೇ ಕೊಡ್ತೀನಿ' ಅಂತ."

ಟಿಲ್ಲಿ ಬಾಯಿಗೆ ಕೈ ಅಡ್ಡ ಹಿಡಿದಳು. ಕಿಟಕಿಯ ಪರದೆಯ ಹಿಂದೆ ಒಬ್ಬರು ಕೂತು ಕಾಯುತ್ತಿದ್ದರೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ನಾನು ಕೈ ಎತ್ತಿದ್ದು ಮನೆಗೆ..." ಅವಳು ಅಳುತ್ತಲೇ ನಕ್ಕಳು. "ಇನ್ಮೇಲೆ ಅವರು ಎಲ್ಲಿದ್ರೂ ಅಲ್ಲಿಗೇ ಹೋಗಿ ಕೈ ಬೀಸಿ ಬರ್ತೀನಿ."

ರೋವನ್ ಜೇಬಿನಿಂದ ಏನೋ ತೆಗೆದ. ಮಡಚಿದ ಕೇಕಿನ ಪೇಪರು. ಅಂಚು ಸವೆದು ಮೆತ್ತಗಾಗಿತ್ತು.

ಅವಳು ಅದನ್ನು ನೋಡಿದಳು. ಅವನನ್ನು ನೋಡಿದಳು.

"ಹತ್ತಿ... ಲವ್."

ಅವನು ಕದಲಲಿಲ್ಲ. "ಇದು ಎಲ್ಲರಿಗೂ ಹೇಳೋದಾ?"

"ಅಲ್ಲ," ಟಿಲ್ಲಿಯ ಕೆನ್ನೆ ಬಿಸಿಯಾಯಿತು. "ಇದು ನಿಮಗೊಬ್ಬರಿಗೇ."

"ಹಾಗಾದ್ರೆ ನಾನೂ ಹೇಳ್ಬಹುದಾ?"

"ಹೇಳಿ ನೋಡೋಣ."

"ಲವ್..." ಎಂದ, ಆ ಪದವನ್ನು ಹುಟ್ಟಿದಾಗಿನಿಂದ ಮೊದಲ ಸಲ ಹೇಳುವವನಂತೆ.

"ಸಾಕು, ಬಸ್ ಬಿಡೇ!" ಕಣ್ಣೊರೆಸಿಕೊಳ್ಳುತ್ತ ವಿನಿ ಆಂಟಿ ಗದರಿದಳು. "ನನ್ನ ಐಸ್‌ಕ್ರೀಮ್ ಕರಗ್ತಿದೆ!"

ಆ ಸಂಜೆ ನಾಲ್ಕಕ್ಕೆ ಅಜ್ಜಿ ಲಾರ್ಕ್ ಬೀದಿಯ ಹದಿನಾಲ್ಕನೇ ನಂಬರಿನಲ್ಲಿ, ಅದೇ ಕಿಟಕಿಯ ಬಳಿ ಕೂತು ಟೀ ಕುಡಿದಳು. ಸಕ್ಕರೆ ಎರಡು ಚಮಚ. ಟಿಲ್ಲಿ ಕೊಟ್ಟ ಮಾತು ನಡೆಯಿತು.