ಒಂಬತ್ತನೇ ನಂಬರಿನವನು ಯಾರ ಪಾಲು?

“ಮ್ಯಾಚ್ ಮಾರ್ಕೊಂಡ ನಾಯಿ ನೀನು! ಬಿಚ್ಚೋ ಜರ್ಸಿ. ಇಲ್ಲೇ, ಎಲ್ಲರ ಎದುರಿಗೇ ಬಿಚ್ಚು!”

ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು ಹಾಲ್‌ಗೆ ಕಾಲಿಡುತ್ತಲೇ ಗುಡುಗಿದರು. ಅವರನ್ನು ಕಂಡು ಎದ್ದು ನಿಂತಿದ್ದ ಆಟಗಾರರೆಲ್ಲ ತಲೆ ತಗ್ಗಿಸಿದರು. ಕ್ಯಾಪ್ಟನ್ ಒಬ್ಬ ಮಾತ್ರ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕೋಚ್‌ನ ಅಳಿಯನಲ್ಲವೇ, ಅಷ್ಟು ಸಲಿಗೆ ಇರಬಹುದು. ಬೈಸಿಕೊಂಡವನು ಡಿಫೆಂಡರ್. ಇಟ್ಟ ಜಾಗ ಬಿಟ್ಟು ಕದಲುವುದಿಲ್ಲವೆಂದು ಅವನನ್ನು ಎಲ್ಲರೂ ಮೊಳೆ ಎನ್ನುತ್ತಿದ್ದರು. ಅವನು ಜರ್ಸಿ ಬಿಚ್ಚಿ, ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟ.

ಬಾಗಿಲಲ್ಲಿ ನಿಂತಿದ್ದ ಎದುರು ಗ್ಯಾರೇಜಿನ ಮೆಕ್ಯಾನಿಕ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಿಂದಿನ ದಿನ ಫೈನಲ್‌ನ ಕೊನೇ ಗಳಿಗೆ, ಎದುರಾಳಿಗಳಿಗೆ ಕಾರ್ನರ್ ಕಿಕ್. ಅವರ ಒಂಬತ್ತನೇ ನಂಬರಿನವನು ಮೊಳೆಯ ಮೂಗಿನ ಕೆಳಗೇ ನುಗ್ಗಿ ತಲೆಯಿಂದ ಗೋಲು ಹೊಡೆದಿದ್ದ. ಮೊಳೆ ಗೋಲಿನ ಕಂಬದ ಪಕ್ಕ ಇನ್ನೊಂದು ಕಂಬದ ಹಾಗೆ ನಿಂತೇ ಇದ್ದ. ಗ್ಯಾಲರಿಯಲ್ಲಿ ಗಂಟಲು ಹರಿದುಕೊಂಡು ಬೈದವರಲ್ಲಿ ಮೆಕ್ಯಾನಿಕ್ಕೇ ಮೊದಲಿಗ.

ಅವನು ಈಗ ಇಲ್ಲಿಗೆ ಬಂದದ್ದು ತನ್ನ ದೊಡ್ಡಮ್ಮನ ಬೆನ್ನ ಹಿಂದೆ. ಬಸ್ ಅಪಘಾತಗಳ ವಿಚಾರಣೆ ಮಾಡಿ ನಿವೃತ್ತಳಾದ ದೊಡ್ಡಮ್ಮ ಕ್ಲಬ್ಬಿನ ಮಹಡಿಯ ಮೇಲೆಯೇ ವಾಸವಾಗಿದ್ದಳು. ಕಟ್ಟಡದಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಅವಳ ಮೆಟ್ಟಿಲು ಹತ್ತುತ್ತಿದ್ದರು. ಅವತ್ತು ಬೆಳಿಗ್ಗೆ ಹತ್ತಿದ್ದು ಗೋಲ್‌ಕೀಪರ್. “ಅಮ್ಮಾ, ನಾನು ಏನೂ ಹೇಳೋ ಹಾಗಿಲ್ಲ. ನೀವು ಒಂದ್ಸಲ ಕೆಳಗೆ ಬನ್ನಿ, ಅಷ್ಟೇ ಸಾಕು” ಎಂದಿದ್ದ.

“ಇದರಲ್ಲಿ ಪತ್ತೆ ಮಾಡೋಕೇನಿದೆ ದೊಡ್ಡಮ್ಮ?” ಮೆಕ್ಯಾನಿಕ್ ಪಿಸುಗುಟ್ಟಿದ. “ಇಡೀ ಊರೇ ಕಣ್ಣಾರೆ ನೋಡಿದೆ.”

“ಊರು ನೋಡಿದ್ದು ಅವನು ಎಲ್ಲಿ ನಿಂತಿದ್ದ ಅಂತ. ಎಲ್ಲಿ ನಿಲ್ಲು ಅಂದಿದ್ರು ಅನ್ನೋದನ್ನ ಯಾರು ನೋಡಿದ್ರೋ?”

ಅಧ್ಯಕ್ಷರು ಅವಳನ್ನು ನೋಡಿ ಸ್ವಲ್ಪ ತಗ್ಗಿದರು. “ಸಂಜೆಗೆ ಇವನ ಮೇಲೆ ಆಜೀವ ನಿಷೇಧಕ್ಕೆ ಬರೀತಿದೀನಮ್ಮಾ. ಇನ್ನು ಯಾವ ಮೈದಾನಕ್ಕೂ ಇವನು ಕಾಲಿಡಬಾರದು.”

“ಒಂಬತ್ತನೇ ನಂಬರಿನವನು ಇವನ ಪಾಲು,” ಎಂದ ಕೋಚ್. “ಅವನು ಹೋದಲ್ಲಿ ಹೋಗು ಅಂತ ನಾನೇ ಹೇಳಿದ್ದೆ.”

“ಹೌದೇನಪ್ಪಾ?” ದೊಡ್ಡಮ್ಮ ಮೊಳೆಯನ್ನು ಕೇಳಿದಳು.

“ಡ್ರೆಸ್ಸಿಂಗ್ ರೂಮಿನ ಮಾತು ಹೊರಗೆ ಆಡಲ್ಲ,” ಎಂದ ಮೊಳೆ. ಉಳಿದವರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ತಂಡದಲ್ಲಿ ಅದೊಂದು ಕಟ್ಟುಪಾಡು. ಮುರಿದವನ ಜೊತೆ ಆಮೇಲೆ ಯಾರೂ ಆಡುತ್ತಿರಲಿಲ್ಲ.

ದೊಡ್ಡಮ್ಮ ಫೈನಲ್‌ನ ವಿಡಿಯೋ ಹಾಕಿಸಿದಳು. ಗೋಲಿನ ಕಾರ್ನರ್ ಒಂದೇ ಸಾಲದು, ಅದಕ್ಕೆ ಮೊದಲಿನವೂ ಬೇಕು ಎಂದಳು. ಎಲ್ಲದರಲ್ಲೂ ಮೊಳೆ ಅದೇ ಕಂಬದ ಪಕ್ಕ ನಿಂತಿದ್ದ. ಗೋಲು ಬಿದ್ದ ಮರುಕ್ಷಣಕ್ಕೆ ಚಿತ್ರ ನಿಲ್ಲಿಸಿದಳು.

“ಚೆಂಡು ಬಿಡು. ಕೀಪರ್ ಮುಖ ಯಾವ ಕಡೆ ಇದೆ?”

“ಮಧ್ಯದ ಕಡೆ,” ಎಂದ ಮೆಕ್ಯಾನಿಕ್. “ಪಕ್ಕದಲ್ಲೇ ಇರೋ ಮೊಳೆ ಕಡೆ ಬೆನ್ನು ಹಾಕಿದಾನೆ.”

“ನನಗೆ ಫುಟ್‌ಬಾಲ್‌ನ ಗಂಧಗಾಳಿ ಇಲ್ಲ,” ದೊಡ್ಡಮ್ಮ ಆಟಗಾರರತ್ತ ತಿರುಗಿದಳು. “ಮಾತು ಬೇಡ, ತೋರಿಸಿ ಸಾಕು. ಆ ಗೋಡೆ ಗೋಲು, ಬಾಗಿಲ ಚೌಕಟ್ಟು ಕಂಬ. ಕಾರ್ನರ್ ಕಿಕ್ ಬರ್ತಿದೆ. ನಿಮ್ಮ ನಿಮ್ಮ ಜಾಗಕ್ಕೆ ಹೋಗಿ. ನೀನು ಕಣೋ ಮೆಕ್ಯಾನಿಕ್, ನೀನೇ ಒಂಬತ್ತನೇ ನಂಬರು. ಓಡು!”

ಕೋಚ್ ಬಾಯಿ ತೆರೆಯುವಷ್ಟರಲ್ಲಿ ಕಾಲುಗಳು ತಮ್ಮಷ್ಟಕ್ಕೆ ತಾವೇ ಹೊರಟಿದ್ದವು. ಮೊಳೆ ಚೌಕಟ್ಟಿಗೆ ಹೋಗಿ ನಿಂತ. ಕ್ಯಾಪ್ಟನ್ ಕುರ್ಚಿಯ ಬೆನ್ನು ಹಿಡಿದು ಎದ್ದು ಮಧ್ಯಕ್ಕೆ ಬಂದ. ಮೆಕ್ಯಾನಿಕ್ ಅವನ ಪಕ್ಕದಿಂದಲೇ ನುಗ್ಗಿ ಮೊಳೆಯ ಮುಂದೆ ಹಾದ. ಮೊಳೆ ಕದಲಲಿಲ್ಲ. ಕ್ಯಾಪ್ಟನ್ ಒಂದು ಹೆಜ್ಜೆ ಕಿತ್ತಿಟ್ಟು ಮುಖ ಕಿವುಚಿ ನಿಂತುಬಿಟ್ಟ.

“ಹೋಗೋ ಕ್ಯಾಪ್ಟನ್! ನಿನ್ನವನು ಅವನು!” ಕೀಪರ್ ಅರಚಿದ. ಅರಚಿದ ಮೇಲೆ ಬಾಯಿ ಮುಚ್ಚಿಕೊಂಡ.



“ಎಲ್ಲರೂ ಕೂತ್ಕೊಳ್ಳಿ,” ಎಂದಳು ದೊಡ್ಡಮ್ಮ. “ಮೊದಲನೇದು, ಹಿಂದಿನ ಕಾರ್ನರ್‌ಗಳಲ್ಲೂ ಇವನು ಒಂಬತ್ತನೆಯವನ ಹಿಂದೆ ಹೋಗಿಲ್ಲ. ಹೋಗಬೇಕಿತ್ತು ಅಂದಿದ್ರೆ ಕೋಚ್ ಆಗಲೇ ಕೂಗ್ತಿರಲಿಲ್ವೇ? ಹಾಗಾದ್ರೆ ಇವನ ಕೆಲಸ ಕಂಬ ಕಾಯೋದು. ಎರಡನೇದು, ತಪ್ಪು ಯಾರದು ಅಂತ ಹೊರಗಿನವರಿಗೆ ಗೊತ್ತಾಗಲ್ಲ, ಒಳಗಿನವರಿಗೆ ಗೊತ್ತಿರುತ್ತೆ. ಗೋಲು ಬಿದ್ದಾಗ ನಾವು ಚೆಂಡು ನೋಡ್ತೀವಿ, ಅವರು ತಪ್ಪು ಮಾಡಿದವನನ್ನ ನೋಡ್ತಾರೆ. ಕೀಪರ್ ನೋಡಿದ್ದು ಮಧ್ಯಕ್ಕೆ. ಅಲ್ಲಿ ನಿಲ್ಲೋದು ಯಾರು ಅಂತ ಈಗ ಕಾಲುಗಳೇ ತೋರಿಸಿದ್ವು. ಮೂರನೇದು, ಅಧ್ಯಕ್ಷರು ಬಂದಾಗ ಒಬ್ಬನೇ ಏಳಲಿಲ್ಲ. ಅದು ಸಲಿಗೆ ಅಲ್ಲ, ನೋವು. ಎಲ್ಲಿ ಕ್ಯಾಪ್ಟನ್, ಪ್ಯಾಂಟು ಸ್ವಲ್ಪ ಮೇಲೆತ್ತು.”

ಕ್ಯಾಪ್ಟನ್‌ನ ಮಂಡಿ ಬ್ಯಾಂಡೇಜಿನಡಿ ಕುಂಬಳಕಾಯಿಯಾಗಿತ್ತು.

“ಸೆಮಿಫೈನಲ್‌ನಲ್ಲೇ ಆಗಿತ್ತು,” ಎಂದು ಗೊಣಗಿದ. “ಮಾವನಿಗೆ ಹೇಳಿದ್ದೆ. ಫೈನಲ್‌ನಲ್ಲಿ ಕಪ್ ಎತ್ತೋದು ನೀನೇ, ಸುಮ್ನೆ ಆಡು ಅಂದ್ರು.”

“ಕುಂಟುವ ಅಳಿಯನನ್ನ ಆಡಿಸಿದ್ದು ಬಯಲಾದ್ರೆ ಕೋಚ್ ಕೆಲಸ ಹೋಗ್ತಿತ್ತು,” ದೊಡ್ಡಮ್ಮ ಹೇಳಿದಳು. “ವಿಡಿಯೋದಲ್ಲಿ ಮೊಳೆ ಸುಮ್ನೆ ನಿಂತಿದ್ದು ಕಾಣ್ತಿತ್ತು. ಅವನು ಬಾಯಿ ಬಿಡಲ್ಲ ಅನ್ನೋದೂ ಗೊತ್ತಿತ್ತು. ಇನ್ನೇನು ಬೇಕು?”

ಕೋಚ್ ಯಾರ ಮುಖವನ್ನೂ ನೋಡಲಿಲ್ಲ. ಮೆಕ್ಯಾನಿಕ್‌ಗೆ ಅವನ ಕುತ್ತಿಗೆಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಆದರೆ ಗ್ಯಾಲರಿಯಲ್ಲಿ ತಾನು ಕೂಗಿದ್ದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು, ಕೈ ಮೇಲೇಳಲಿಲ್ಲ.

ಅಧ್ಯಕ್ಷರು ಮಡಿಸಿಟ್ಟ ಜರ್ಸಿಯನ್ನು ಎತ್ತಿಕೊಂಡು ಬಾಗಿಲವರೆಗೆ ಬಂದರು. “ಆಯ್ತಪ್ಪಾ, ದುಡುಕಿಬಿಟ್ಟೆ. ನಮ್ಮಂಥೋರಿಗೆ ನಿಮ್ಮ ಒಳಗಿನ ಲೆಕ್ಕಾಚಾರ ಹೇಗೆ ಗೊತ್ತಾಗಬೇಕು ಹೇಳು? ತಗೋ. ಭಾನುವಾರ ಆಡ್ತೀಯ ತಾನೇ?”

ಮೊಳೆ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡ. ಗುಂಡಿಗಳನ್ನು ಒಂದೊಂದಾಗಿ ಸಾವಧಾನವಾಗಿ ಹಾಕಿದ. ಬೂಟಿನ ಚೀಲ ಹೆಗಲಿಗೇರಿಸಿದ. ಚಾಚಿದ ಕೈಯನ್ನೂ ಜರ್ಸಿಯನ್ನೂ ದಾಟಿ, ಏನೋ ಹೇಳಲು ಬಾಯಿ ತೆರೆದ ಮೆಕ್ಯಾನಿಕ್‌ನನ್ನೂ ದಾಟಿ, ಬೀದಿಗಿಳಿದು ನಡೆದುಹೋದ.